ಒಂಬತ್ತಕ್ಕೆ ಎಂಟು

ರೂವಿಯ ಬೇಕರಿಯ ಹಿಂಬದಿ, ಎ.ಸಿ.ಯ ಕೊರೆವ ತಣ್ಪಲ್ಲಿ
ಹನ್ನೊಂದು ವರ್ಷದಿಂದ ಕೇಕಿನ ಮೇಲೆ ಹೆಸರು ಬರೆಯುತ್ತೇನೆ.
ಓದಲು ಬಾರದ ಅರಬಿಯನ್ನೂ
ರಂಗೋಲಿ ಎಳೆದ ಹಾಗೆ, ಬಲದಿಂದ ಎಡಕ್ಕೆ.
ಲಾಮ್ ಅಕ್ಷರದ ಬಾಲ ಬಂತೆಂದರೆ
ಹೆಬ್ಬೆರಳು ಕೀಲು ಬಿಟ್ಟು ಜಾರುತ್ತದೆ,
ಮರೆ ಸವೆದ ನಲ್ಲಿಯ ಹಾಗೆ.
ಎಡಗೈಯಿಂದ ಹಿಡಿದು ಒಳಗೆ ಕೂರಿಸಿ
ಮತ್ತೆ ಕ್ರೀಮು ಹಿಂಡುತ್ತೇನೆ.
ಯಾರ ಹುಟ್ಟುಹಬ್ಬಕ್ಕೂ ಇದು ಗೊತ್ತಾಗುವುದಿಲ್ಲ.

ಮೊದಲ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು
ಮೂಳೆ ಮುತ್ತಿನಂತಿದೆ ಎಂದರು.
ಇನ್ನೊಬ್ಬರು ವಿಟಮಿನ್ ಡಿ ಬರೆದರು:
ಇಷ್ಟೊಂದು ಬಿಸಿಲಿನ ಊರಲ್ಲಿ
ಬಿಸಿಲನ್ನು ಮಾತ್ರೆಯಲ್ಲಿ ನುಂಗುವವರು ನಾವು.
ಮತ್ತೊಬ್ಬರು ನನ್ನ ತಲೆಯ ಮೇಲಿಂದ ಗಂಡನನ್ನು ಕೇಳಿದರು,
‘ಮನೆಯಲ್ಲೇನಾದರೂ ಟೆನ್ಶನ್ನಾ?’
ಜಯಕರ ಗೋಡೆಯ ಕ್ಯಾಲೆಂಡರಿನಲ್ಲಿ
ಒಂಟೆಯನ್ನೇ ನೋಡುತ್ತ ಕೂತ.
ಆಮೇಲೆ ಲೆಕ್ಕ ಬಿಟ್ಟೆ.
ಫೈಲು ಮಾತ್ರ ಉಬ್ಬುತ್ತ ಹೋಯಿತು,
ಎತ್ತಿದರೆ ಭುಜ ಜಾರುವಷ್ಟು.

ಕೊನೆಗೆ ಕಂಡುಹಿಡಿದದ್ದು ರೋವೆನಾ,
ಮಗನ ಕೇಕು ಒಯ್ಯಲು ಬಂದ ಫಿಲಿಪೀನಿ ನರ್ಸು.
ರಿಬ್ಬನ್ ಕಟ್ಟುವಾಗ ನನ್ನ ಬೆರಳು ಜಾರಿದ್ದು ನೋಡಿ
‘ನಿಲ್ಲು, ಅದನ್ನು ಇನ್ನೊಮ್ಮೆ ಮಾಡು’ ಎಂದಳು.
ಬಿಲ್ಲಿನ ಹಿಂದೆ ಒಂದು ಹೆಸರು, ಒಂದು ಊರು:
ಡಾಕ್ಟರ್ ತುಮಾದಿರ್, ಸೋಹಾರ್.
ಕೇಕಿನ ದುಡ್ಡಲ್ಲಿ ಅರ್ಧ ರಿಯಾಲು ಬಿಟ್ಟುಕೊಟ್ಟೆ.

ಒಂದು ದಿನದ ಸಂಬಳ ಕಡಿತ. ಎರಡೂವರೆ ಗಂಟೆ ದಾರಿ.
ಎಡಕ್ಕೆ ಬೋಳು ಬೆಟ್ಟ, ಬಲಕ್ಕೆ ಇದೆಯೆಂದು ಹೇಳುವ ಕಡಲು,
ನಡುವೆ ಧೂಳು ಹಿಡಿದ ಖರ್ಜೂರದ ತೋಟ.
ಪ್ರತಿ ವೃತ್ತದಲ್ಲೂ ಬಸ್ಸು ವಾಲಿದಾಗ
ನನ್ನ ಸೊಂಟ ಒಂದು ಕ್ಷಣ ತಡವಾಗಿ ವಾಲುತ್ತಿತ್ತು.

ಖಾರ್ತೂಮಿನ ಹೆಂಗಸು, ಬಿಳಿ ತೋಬಿನ ಸೆರಗು
ಮತ್ತೆ ಮತ್ತೆ ಹೆಗಲಿಗೇರಿಸುತ್ತ
ಫೈಲನ್ನು ತೆರೆಯದೆ ಪಕ್ಕಕ್ಕೆ ಸರಿಸಿದರು.
ಹರಕು ಹಿಂದಿಯಲ್ಲಿ ಕೇಳಿದರು:
‘ಚಿಕ್ಕವಳಿದ್ದಾಗ ಮೈಯಲ್ಲಿ ಏನೇನು ಆಟ ತೋರಿಸುತ್ತಿದ್ದೆ?’

ನಗು ಬಂತು. ಗಂಗೊಳ್ಳಿ ಶಾಲೆಯ ರಬ್ಬರು ಸುಗಂಧಿ ನಾನು!
ಕಾಲು ಕುತ್ತಿಗೆಗೆ ಸುತ್ತಿ ಮಗ್ಗಿ ಹೇಳಿದವಳು,
ಯೋಗದಲ್ಲಿ ತಾಲೂಕಿಗೇ ಮೊದಲು,
ಬಹುಮಾನ ಸ್ಟೀಲಿನ ತಟ್ಟೆ.
‘ಈ ಹೆಣ್ಣಿಗೆ ಮೂಳೆಯೇ ಇಲ್ಲ’ ಎಂದು
ಹೆಡ್‌ಮಾಸ್ತರರು ಮೈಕಿನಲ್ಲಿ ಹೇಳಿದ್ದರು.

ಅವರು ಕೋನಮಾಪಕ ತೆಗೆದರು, ಜ್ಯಾಮಿಟ್ರಿ ಬಾಕ್ಸಿನದೇ ಅನ್ನುವಂಥದ್ದು.
ಕಿರುಬೆರಳು, ಹೆಬ್ಬೆರಳು, ಮೊಣಕೈ, ಮಂಡಿ,
ನಿಂತಲ್ಲೇ ಬಾಗಿ ನೆಲಕ್ಕೆ ಅಂಗೈ.
ಒಂಬತ್ತಕ್ಕೆ ಎಂಟು.
ಹಿಂದೊಮ್ಮೆ ಮುರಿದು ಕೂಡಿದ ಎಡ ಮೊಣಕೈ ಮಾತ್ರ ಫೇಲು.
ಅದೊಂದೇ, ಯೋಚಿಸಿದರೆ, ನೋಯದ ಕೀಲು.

‘ಬಟ್ಟೆ ಒಳ್ಳೆಯದೇ, ಹೊಲಿಗೆ ಸಡಿಲ’ ಎಂದರು.
‘ಹೊಸದಾಗಿ ಹೊಲಿಯಲಾರೆ. ಹರಿಯದ ಹಾಗೆ ಉಡುವುದು ಕಲಿಸುತ್ತೇನೆ.
ನನಗೆ ಗೊತ್ತಿಲ್ಲದ್ದೂ ಬಹಳ ಇದೆ.
ಅದನ್ನು ಗೊತ್ತಿಲ್ಲ ಅಂತಲೇ ಬರೆಯುತ್ತೇನೆ.’
ಬರೆದರು ಕೂಡ. ಆಗ ಅತ್ತೆ.
ಟಿಶ್ಯೂ ಡಬ್ಬಿ ನನ್ನತ್ತ ತಳ್ಳಿ
ಕಿಟಕಿಯಾಚೆ ನೋಡುತ್ತ ಕಾದರು, ಗಡಿಯಾರ ನೋಡಲಿಲ್ಲ.

ಮೂವತ್ತೆರಡು ರಿಯಾಲು. ವಿಮೆಯ ಕಾರ್ಡು ನಡೆಯುವುದಿಲ್ಲ.
ಜಯಕರ ಎಣಿಸಿ ಕೊಟ್ಟ, ಚಿಲ್ಲರೆ ಸಮೇತ,
ಮೆಟ್ಟಿಲಿಳಿಯುವಾಗ ಮೊದಲ ಸಲ ಫೈಲು ತಾನು ಹಿಡಿದ.

ರಾತ್ರಿ ಅಮ್ಮನಿಗೆ ವಿಡಿಯೋ ಕಾಲು.
ನಲವತ್ತು ವರ್ಷ ಬೀಡಿ ಕಟ್ಟಿದ ಕೈ,
ಸಂಜೆಯಾದರೆ ನೋವಿನೆಣ್ಣೆ ನಾರುವ ಕೈ.
ಪಂಡಿತರು ವಾಯು ಎಂದದ್ದಕ್ಕೆ
ಅಜ್ಜಿ ಇಟ್ಟ ಹೆಸರು ಮೈಗಳ್ಳತನ.
‘ಅಮ್ಮ, ಹೆಬ್ಬೆರಳು ಹಿಂದೆ ಮಡಚ್, ಕಾಂಬ.’
ಮಡಚಿದಳು. ಚಿಲಕ ಬಿದ್ದ ಹಾಗೆ
ಸಲೀಸಾಗಿ ಮಣಿಕಟ್ಟಿಗೆ ಒರಗಿತು.
‘ಇದ್ ಎಲ್ಲರಿಗೂ ಆತ್ತಲ್ದಾ?’

ನಾನು ಮಾತಾಡಲಿಲ್ಲ.
ಅವಳು ತನ್ನ ಕೈ ತಾನೇ ನೋಡಿಕೊಂಡಳು,
ತಿರುಗಿಸಿ ತಿರುಗಿಸಿ, ಯಾರದೋ ಕೈ ಎಂಬಂತೆ.
ಫೋನು ವಾಲಿತು. ಪರದೆ ತುಂಬ ತಿರುಗುವ ಫ್ಯಾನು,
ಅದರ ಕೆಳಗೆಲ್ಲಿಂದಲೋ ಅವಳ ದನಿ:
‘ನಿಂಗೆಷ್ಟ್ ಕೊಟ್ರ್ ಅಂದೆ? ಎಂಟಾ?
ನಂದೂ ಒಂಚೂರ್ ಎಣ್ಸಿ ಹೇಳ್.’